‘ಕರ್ತವ್ಯದ ಬಣ್ಣ’ ಮತ್ತು ವಾಹನದ ಬೆನ್ನಟ್ಟುವಿಕೆ: ಪೋಲೀಸು ಅಧಿನಿಯಮದ ೧೭೦ನೆಯ ಕಲಮಿನ ಒಂದು ವಿಮರ್ಶೆ

೧

ಕರ್ನಾಟಕ ಪೋಲೀಸು ಅಧಿನಿಯಮದ ೧೭೦ನೆಯ ಕಲಮು ವಕೀಲರಿಗೆ ಚಿರಪರಿಚಿತವಾದುದು. ಇತಿಹಾಸದ ಅಭ್ಯಾಸಿಗಳು ಅದರತ್ತ ದೃಷ್ಟಿ ಹಾಯಿಸಿದ್ದು ವಿರಳ. ಕಾನೂನಿನ ಒಂದು ವಾಕ್ಯವೂ ಶಾಸನದಂತೆ, ದಾನಪತ್ರದಂತೆ, ತನ್ನ ಕಾಲದ ಒಂದು ದಾಖಲೆಯೇ. ಅದು ಯಾವಾಗ ಬರೆಯಲ್ಪಟ್ಟಿತು, ಬರೆದವರ ಕಣ್ಣ ಮುಂದೆ ಯಾವ ಸನ್ನಿವೇಶವಿತ್ತು, ಅವರು ಕಾಣದಿದ್ದ ಸನ್ನಿವೇಶಕ್ಕೆ ಅದನ್ನು ಅನ್ವಯಿಸಿದಾಗ ಏನಾಗುತ್ತದೆ ಎಂದು ವಿಚಾರಿಸುವುದು ಇತಿಹಾಸಕಾರನ ಕೆಲಸದೊಳಗೇ ಸೇರಿದೆ.

ಪ್ರಸ್ತುತ ಲೇಖನದ ವಿಷಯ ಸ್ಪಷ್ಟವಾದುದು. ಕರ್ತವ್ಯದಲ್ಲಿರುವ ಪೋಲೀಸಿನವನು ಓಡಿಹೋಗುವ ವಾಹನವೊಂದನ್ನು ಬೆನ್ನಟ್ಟುತ್ತಾನೆ. ಆ ಓಟದಲ್ಲಿ ಓಡಿದವನಿಗೋ, ಅವನ ಬೆನ್ನಿಗೆ ಕುಳಿತವರಿಗೋ, ಇದಾವುದನ್ನೂ ಅರಿಯದ ದಾರಿಹೋಕನಿಗೋ ಪೆಟ್ಟಾಗುತ್ತದೆ. ಆಗ ಆ ಪೋಲೀಸಿನವನನ್ನು ಆರೋಪಿಯನ್ನಾಗಿ ನ್ಯಾಯಾಲಯದ ಮುಂದೆ ನಿಲ್ಲಿಸಬಹುದೇ? ನಿಲ್ಲಿಸಬಹುದಾದರೆ ಯಾರ ಅನುಮತಿಯಿಂದ, ಎಷ್ಟು ಕಾಲದೊಳಗೆ, ಯಾವ ಪ್ರಶ್ನೆಗೆ ಉತ್ತರ ಪಡೆಯಲೆಂದು? ನಮ್ಮ ಕಾನೂನು ಈಗ ಕೇಳುತ್ತಿರುವ ಪ್ರಶ್ನೆ ಬೆನ್ನಟ್ಟುವಿಕೆಯ ಸ್ವಭಾವಕ್ಕೆ ಹೊಂದುವುದಿಲ್ಲವೆಂಬುದೂ, ಹೊಂದುವ ಪ್ರಶ್ನೆ ಅದೇ ಕಾನೂನಿನ ಇನ್ನೊಂದು ಮೂಲೆಯಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಬಿದ್ದಿದೆಯೆಂಬುದೂ ಈ ಲೇಖಕನ ಅಭಿಪ್ರಾಯ.

೨

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನೆಲ. ಆಳಂದ, ಅಫಜಲಪುರಗಳ ಗಡಿಗಳಾಚೆ ಮಹಾರಾಷ್ಟ್ರವಿದೆ. ಅಕ್ಕಲಕೋಟೆ, ಉಮರ್ಗಾ, ಸೊಲ್ಲಾಪುರಗಳೊಡನೆ ಇಲ್ಲಿಯ ಜನರ ವ್ಯಾಪಾರ, ಬೀಗತನ, ಯಾತ್ರೆಗಳೆಲ್ಲ ಬೆಸೆದುಕೊಂಡಿವೆ. ಅಫಜಲಪುರ, ಜೇವರ್ಗಿಗಳಲ್ಲಿ ಭೀಮಾನದಿ ಹರಿಯುತ್ತದೆ. ನದಿಯ ಮರಳಿಗೆ ಬೆಲೆ ಬಂದಂದಿನಿಂದ ರಾತ್ರಿಯ ಹೊತ್ತು ಟ್ರ್ಯಾಕ್ಟರುಗಳ ಓಡಾಟವೂ ಬಂದಿತು. ಗಡಿಯೂ ನದಿಯೂ ಇರುವಲ್ಲಿ ತಡೆಯುವವರೂ ಓಡುವವರೂ ಇರುತ್ತಾರೆ.

ಇಲ್ಲಿಯ ನೈಜ ಘಟನೆಗಳನ್ನು ನೋಡುವಾಗ ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಪೆಟ್ಟು ತಿಂದವರಲ್ಲಿ ಪೋಲೀಸರೂ ಇದ್ದಾರೆ. ೨೦೨೩ರ ಜೂನ್ ತಿಂಗಳಲ್ಲಿ ಜೇವರ್ಗಿ ತಾಲೂಕಿನಲ್ಲಿ ಅಕ್ರಮವಾಗಿ ಮರಳು ಸಾಗಿಸುತ್ತಿದ್ದ ಟ್ರ್ಯಾಕ್ಟರನ್ನು ತಡೆಯಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೇಬಲರೊಬ್ಬರು ಅದೇ ಟ್ರ್ಯಾಕ್ಟರಿಗೆ ಸಿಕ್ಕಿ ಅಸುನೀಗಿದರು. ಅದಕ್ಕೂ ಹಿಂದೆ, ೨೦೨೨ರ ಸೆಪ್ಟೆಂಬರಿನಲ್ಲಿ, ಗಾಂಜಾ ಸಾಗಾಣಿಕೆಯ ಜಾಡು ಹಿಡಿದು ಉಮರ್ಗಾ ಕಡೆಗೆ ಗಡಿ ದಾಟಿ ಹೋದ ಕಮಲಾಪುರದ ಸರ್ಕಲ್ ಇನ್ಸ್‌ಪೆಕ್ಟರರು ಗುಂಪಿನ ಹಲ್ಲೆಗೆ ಗುರಿಯಾಗಿ ತೀವ್ರವಾಗಿ ಗಾಯಗೊಂಡರು. ಆದುದರಿಂದ ಬೆನ್ನಟ್ಟುವವನನ್ನು ಬಲಶಾಲಿಯೆಂದೂ ಓಡುವವನನ್ನು ದುರ್ಬಲನೆಂದೂ ಮೊದಲೇ ಗೆರೆ ಎಳೆದು ಕುಳಿತರೆ ವಿಮರ್ಶೆ ಅಲ್ಲಿಗೇ ಕೆಡುತ್ತದೆ.

ಇನ್ನೊಂದು ಬದಿಯನ್ನು ಕಾಣಲು ಮಂಡ್ಯಕ್ಕೆ ಹೋಗಬೇಕು. ೨೦೨೫ರ ಮೇ ೨೬ರಂದು ಮಂಡ್ಯ ನಗರದಲ್ಲಿ, ನಾಯಿ ಕಚ್ಚಿದ ಎಳೆಯ ಮಗುವನ್ನು ತಂದೆತಾಯಿಗಳು ಬೈಕಿನ ಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರಿ ಪೋಲೀಸರು ಬೈಕನ್ನು ತಡೆದಾಗ ಅವರು ಆಯತಪ್ಪಿ ಬಿದ್ದರು. ಲಾರಿಯ ಚಕ್ರಕ್ಕೆ ಸಿಕ್ಕಿ ಮಗು ಸತ್ತಿತು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರರನ್ನು ಅಮಾನತಿನಲ್ಲಿ ಇಡಲಾಯಿತು. ನೆರೆಯ ತಮಿಳುನಾಡಿನಲ್ಲಿ ೨೦೧೮ರ ಮಾರ್ಚ್ ೭ರಂದು, ತಿರುಚಿನಾಪಳ್ಳಿಯ ಸಮೀಪದ ತುವಾಕುಡಿಯ ಬಳಿ, ಹೆಲ್ಮೆಟ್ ಇಲ್ಲದೆ ಹೊರಟಿದ್ದ ದಂಪತಿಗಳನ್ನು ಇನ್ಸ್‌ಪೆಕ್ಟರರೊಬ್ಬರು ಬೆನ್ನಟ್ಟಿ ಬೈಕನ್ನು ಒದ್ದರೆಂಬ ಆರೋಪ ಬಂದಿತು. ಬಿದ್ದ ಮಹಿಳೆ ಸತ್ತರು. ಆ ಅಧಿಕಾರಿಯ ಬಂಧನವಾಯಿತು. ಎರಡೂ ಕಡೆ ಮೂಲದಲ್ಲಿದ್ದ ತಪ್ಪು ತಲೆಯ ಮೇಲೆ ಒಂದು ಹೆಲ್ಮೆಟ್ ಇಲ್ಲದಿದ್ದುದು. ಒಂದು ಕಡೆ ಅಮಾನತು ಎದ್ದು ಕಂಡಿತು, ಇನ್ನೊಂದು ಕಡೆ ಬಂಧನ. ಈ ವ್ಯತ್ಯಾಸವನ್ನು ಅಳೆಯುವ ಕೋಲು ಯಾವುದು?

೩

ಈಗ ಕಲಮಿನ ಮಾತಿಗೆ ಬರೋಣ. ಪೋಲೀಸು ಅಧಿಕಾರಿ ತನ್ನ ‘ಕರ್ತವ್ಯದ ಬಣ್ಣದಲ್ಲಿ’ ಅಥವಾ ಕರ್ತವ್ಯವನ್ನು ಮೀರಿ ಮಾಡಿದ ಕೃತ್ಯಕ್ಕಾಗಿ ಹೂಡಿದ ಖಟ್ಲೆಯನ್ನಾಗಲಿ ದಾವೆಯನ್ನಾಗಲಿ ಸರ್ಕಾರದ ಪೂರ್ವ ಮಂಜೂರಾತಿ ಇಲ್ಲದೆ ನ್ಯಾಯಾಲಯ ಕೈಗೆತ್ತಿಕೊಳ್ಳಕೂಡದು. ಕೃತ್ಯ ನಡೆದ ದಿನದಿಂದ ಒಂದು ವರ್ಷ ಕಳೆದ ಮೇಲೆ ಹೂಡಿದ್ದರೆ ಅದನ್ನು ವಜಾ ಮಾಡತಕ್ಕದ್ದು. ಮಂಜೂರಾತಿ ಪಡೆದ ಖಟ್ಲೆಯನ್ನು ಎರಡು ವರ್ಷದೊಳಗೆ ಹೂಡಬಹುದು. ಇದು ಅದರ ಸಾರಾಂಶ. ಆಂಗ್ಲ ಮೂಲದಲ್ಲಿರುವ ‘ಬಣ್ಣ’ ಎಂಬ ಮಾತಿಗೆ ನಮ್ಮ ನುಡಿಯಲ್ಲಿಯೂ ಹತ್ತಿರದ ಅರ್ಥವಿದೆ. ಇದ್ದುದಕ್ಕಿಂತ ಬೇರೆಯಾಗಿ ತೋರುವಂತೆ ಹೇಳುವುದನ್ನು ನಾವು ‘ಬಣ್ಣ ಕಟ್ಟಿ ಹೇಳುವುದು’ ಎನ್ನುತ್ತೇವೆ. ಕರ್ತವ್ಯವಲ್ಲದ್ದು ಕರ್ತವ್ಯದಂತೆ ತೋರಿದರೆ ಅದಕ್ಕೂ ರಕ್ಷಣೆ ಉಂಟೆಂಬುದು ಈ ಮಾತಿನ ತಾತ್ಪರ್ಯ.

ಈ ರಕ್ಷಣೆಯ ವಂಶಾವಳಿ ಹಳೆಯದು. ೧೮೬೧ರ ಪೋಲೀಸು ಅಧಿನಿಯಮದಲ್ಲಿ ಅವಧಿ ಮೂರು ತಿಂಗಳು. ೧೯೫೧ರ ಮುಂಬಯಿ ಪೋಲೀಸು ಅಧಿನಿಯಮದ ೧೬೧ನೆಯ ಕಲಮಿನಲ್ಲಿ ಆರು ತಿಂಗಳು. ೧೯೬೩ರಲ್ಲಿ ಮೈಸೂರು ರಾಜ್ಯ ಏಕರೂಪದ ಪೋಲೀಸು ಕಾನೂನು ಮಾಡಿದಾಗ ಅದು ಒಂದು ವರ್ಷವಾಯಿತು. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿದ ನಮ್ಮ ಮೂರು ತಾಲೂಕುಗಳಿಗೆ, ಹೈದರಾಬಾದಿನ ಪೋಲೀಸು ಕಾಯಿದೆ ಹೋಗಿ ಮುಂಬಯಿಯ ಮಾದರಿಯ ಈ ಕಲಮು ಬಂದದ್ದು ಹೀಗೆ. ಕಾಲಮಿತಿ ಹಿಗ್ಗುತ್ತ ಬಂದುದು ನೊಂದವರಿಗೆ ಅನುಕೂಲವೇ. ಆದರೆ ವಾಕ್ಯದ ಹೃದಯದಲ್ಲಿರುವ ಕಲ್ಪನೆ ಮಾತ್ರ ಕುದುರೆ, ಕಾಲಾಳುಗಳ ಕಾಲದ್ದು.

ನ್ಯಾಯಾಲಯಗಳು ಈ ಮಾತಿಗೆ ಅರ್ಥ ಕೊಟ್ಟದ್ದು ಯಾವ ಪ್ರಸಂಗಗಳಲ್ಲಿ ಎಂಬುದು ಗಮನಾರ್ಹ. ವಿರೂಪಾಕ್ಷಪ್ಪ ವೀರಪ್ಪ ಕಡಂಪುರ ವಿರುದ್ಧ ಮೈಸೂರು ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ೧೯೬೨ರಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ಹೆಡ್ ಕಾನ್‌ಸ್ಟೇಬಲರ ಮೇಲಿದ್ದ ಆರೋಪ ಸುಳ್ಳು ಪಂಚನಾಮೆ ಬರೆದುದು. ಪಂಚನಾಮೆ ಬರೆಯುವುದು ಅವರ ಕರ್ತವ್ಯ. ಆದುದರಿಂದ ಸುಳ್ಳು ಪಂಚನಾಮೆಯೂ ಕರ್ತವ್ಯದ ಬಣ್ಣದಲ್ಲಿ ಆದ ಕೃತ್ಯವೆಂದು ಹೇಳಿ, ಆರು ತಿಂಗಳು ಮೀರಿದ ಖಟ್ಲೆ ನಿಲ್ಲದೆಂದು ತೀರ್ಮಾನವಾಯಿತು. ೧೯೬೬ರಲ್ಲಿ ಮಹಾರಾಷ್ಟ್ರ ರಾಜ್ಯ ವಿರುದ್ಧ ಆತ್ಮಾರಾಮ ಎಂಬ ಮೊಕದ್ದಮೆಯಲ್ಲಿ, ಶಂಕಿತರನ್ನು ಹೊಡೆದು ಬಡಿದು ತಪ್ಪೊಪ್ಪಿಸುವುದಕ್ಕೂ ತನಿಖೆಯ ಕರ್ತವ್ಯಕ್ಕೂ ಸಂಬಂಧವಿಲ್ಲವೆಂದು ಹೇಳಿ ಅದೇ ನ್ಯಾಯಾಲಯ ರಕ್ಷಣೆಯನ್ನು ನಿರಾಕರಿಸಿತು. ಮುಂದೆ ೨೦೨೦ರಲ್ಲಿ ಡಿ. ದೇವರಾಜ ವಿರುದ್ಧ ಓವೈಸ್ ಸಬೀರ್ ಹುಸೇನ್ ಎಂಬ ಕರ್ನಾಟಕದ ಮೊಕದ್ದಮೆಯಲ್ಲಿ, ಕರ್ತವ್ಯದೊಡನೆ ಯುಕ್ತವಾದ ಸಂಬಂಧವಿದ್ದರೆ ಕರ್ತವ್ಯವನ್ನು ಮೀರಿದ ಕೃತ್ಯಕ್ಕೂ ಮಂಜೂರಾತಿ ಅವಶ್ಯವೆಂದು ತೀರ್ಪಾಯಿತು. ೨೦೨೫ರ ಏಪ್ರಿಲಿನಲ್ಲಿ ಜಿ. ಸಿ. ಮಂಜುನಾಥ ಅವರ ಮೊಕದ್ದಮೆಯಲ್ಲಿ ಅದೇ ನಿಲುವು ಮರಳಿ ದೃಢಪಟ್ಟಿತು.

ಈ ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇವುಗಳಲ್ಲಿ ಚರ್ಚೆಗೆ ಬಂದವು ಸುಳ್ಳು ಬರಹ, ಹೊಡೆತ, ಬಂಧನ ಮುಂತಾದ ಉದ್ದೇಶಪೂರ್ವಕ ಕೃತ್ಯಗಳ ಆರೋಪಗಳು. ಅಲ್ಲಿ ‘ಇದು ಕರ್ತವ್ಯಕ್ಕೆ ಸೇರಿದ್ದೇ?’ ಎಂಬ ಪ್ರಶ್ನೆಗೆ ಅರ್ಥವಿದೆ. ಬೆನ್ನಟ್ಟುವಿಕೆಯಲ್ಲಿ ಆ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿದೆ. ತಪ್ಪಿಸಿಕೊಂಡು ಓಡುವವನ ಹಿಂದೆ ಹೋಗುವುದು ಪೋಲೀಸಿನವನ ಕರ್ತವ್ಯವೆಂಬುದು ನಿರ್ವಿವಾದ. ಬೆನ್ನಟ್ಟಿದವನು ಎಷ್ಟೇ ಅವಿವೇಕದಿಂದ ವಾಹನ ಓಡಿಸಿರಲಿ, ಯಾವ ಕ್ಷುಲ್ಲಕ ತಪ್ಪಿಗೆ ಬೆನ್ನಟ್ಟಿರಲಿ, ‘ಬಣ್ಣ’ದ ಪರೀಕ್ಷೆಯಲ್ಲಿ ಅವನು ಸದಾ ತೇರ್ಗಡೆಯಾಗುತ್ತಾನೆ. ಎಲ್ಲರನ್ನೂ ತೇರ್ಗಡೆ ಮಾಡುವ ಪರೀಕ್ಷೆಯಿಂದ ಒಳ್ಳೆಯವನಿಗೂ ಲಾಭವಿಲ್ಲ; ಅವನಿಗೂ ಅವಿವೇಕಿಗೂ ಅದು ವ್ಯತ್ಯಾಸ ತೋರಿಸಲಾರದು.

ಇದರ ಜೊತೆಗೆ ಇನ್ನೊಂದು ಅಂಶ. ದಂಡ ಪ್ರಕ್ರಿಯಾ ಸಂಹಿತೆಯ ೧೯೭ನೆಯ ಕಲಮಿನ ಮುಖ್ಯ ರಕ್ಷಣೆ ಸರ್ಕಾರದ ಒಪ್ಪಿಗೆಯಿಂದಲೇ ವಜಾ ಮಾಡಬೇಕಾದ ಅಧಿಕಾರಿಗಳಿಗೆ ಮೀಸಲು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೨೧೮ನೆಯ ಕಲಮು ಅದನ್ನೇ ಮುಂದುವರಿಸಿ, ೧೨೦ ದಿನಗಳೊಳಗೆ ಸರ್ಕಾರ ನಿರ್ಧಾರ ಕೊಡದಿದ್ದರೆ ಮಂಜೂರಾತಿ ದೊರೆತಂತೆಯೇ ಎಂಬ ಹೊಸ ಮಾತನ್ನು ಸೇರಿಸಿದೆ. ಬೈಕು ಹತ್ತಿ ಬೆನ್ನಟ್ಟುವ ಕಾನ್‌ಸ್ಟೇಬಲನು ಸಾಮಾನ್ಯವಾಗಿ ಆಶ್ರಯಿಸಬೇಕಾದುದು ರಾಜ್ಯದ ೧೭೦ನೆಯ ಕಲಮನ್ನು. ಅದರಲ್ಲಿ ೧೨೦ ದಿನಗಳ ಆ ಮಾತಿಲ್ಲ. ಕಡತ ಮೇಜಿನ ಮೇಲೆ ಕುಳಿತಿರುವಾಗ ಗಾಯಾಳುವಿನ ಕಾಲಾವಧಿ ಮಾತ್ರ ಓಡುತ್ತಿರುತ್ತದೆ.

೪

ಹಾಗಾದರೆ ಹೊಂದುವ ಪ್ರಶ್ನೆ ಯಾವುದು? ಅದಕ್ಕಾಗಿ ಹೊಸ ಕಾನೂನನ್ನು ಹುಡುಕಬೇಕಾಗಿಲ್ಲ. ೧೮೬೦ರ ಭಾರತೀಯ ದಂಡ ಸಂಹಿತೆಯ ೮೧ನೆಯ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ ೧೯ನೆಯ ಕಲಮು, ಇದನ್ನು ಹೇಳುತ್ತದೆ: ಕೇಡು ಮಾಡುವ ಉದ್ದೇಶವಿಲ್ಲದೆ, ಸದ್ಭಾವದಿಂದ, ಬೇರೊಂದು ಕೇಡನ್ನು ತಪ್ಪಿಸಲೆಂದು ಮಾಡಿದ ಕೃತ್ಯ, ಅದರಿಂದ ಕೇಡು ಸಂಭವಿಸಬಹುದೆಂದು ತಿಳಿದಿದ್ದರೂ ಅಪರಾಧವಲ್ಲ. ಅದರ ವಿವರಣೆಯಲ್ಲಿ ಅಳತೆಯೂ ಇದೆ. ತಪ್ಪಿಸಬೇಕಾಗಿದ್ದ ಕೇಡು ಎಂಥದು, ಎಷ್ಟು ಸನ್ನಿಹಿತವಾಗಿತ್ತು, ಅದಕ್ಕಾಗಿ ಈ ಅಪಾಯವನ್ನು ಮೈಮೇಲೆ ಎಳೆದುಕೊಂಡದ್ದು ಸಮರ್ಥನೀಯವೇ ಎಂಬುದನ್ನು ಸಂಗತಿಗಳಿಂದ ನಿರ್ಣಯಿಸಬೇಕು. ಸಂಹಿತೆ ಕೊಟ್ಟ ಉದಾಹರಣೆಯೂ ಒಂದು ವಾಹನದ್ದೇ: ಇಪ್ಪತ್ತು ಮೂವತ್ತು ಜನರಿರುವ ದೋಣಿಗೆ ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು, ಇಬ್ಬರಿರುವ ದೋಣಿಯ ಕಡೆಗೆ ತಿರುಗಬೇಕಾಗಿ ಬಂದ ಹಡಗಿನ ನಾಯಕನದು. ‘ಸದ್ಭಾವ’ವೆಂದರೆ ಬರಿಯ ಒಳ್ಳೆಯ ಮನಸ್ಸಲ್ಲ, ತಕ್ಕ ಲಕ್ಷ್ಯ ಮತ್ತು ಎಚ್ಚರ ಎಂಬುದನ್ನೂ ಅದೇ ಸಂಹಿತೆ ಸ್ಪಷ್ಟಪಡಿಸಿದೆ.

ಈ ಅಳತೆಗೋಲನ್ನು ಮೇಲಿನ ಪ್ರಸಂಗಗಳ ಪಕ್ಕದಲ್ಲಿ ಹಿಡಿದು ನೋಡೋಣ. ಅಪಹರಿಸಿದ ಮಗುವನ್ನು ಹೊತ್ತು ಓಡುತ್ತಿರುವ ಕಾರಿನ ಹಿಂದೆ ಹೋದರೆ ತಪ್ಪಿಸಬೇಕಾದ ಕೇಡು ದೊಡ್ಡದು, ಸನ್ನಿಹಿತವಾದುದು. ಅಲ್ಲಿ ವೇಗದ ಅಪಾಯಕ್ಕೆ ಸಮರ್ಥನೆಯುಂಟು. ಹೆಲ್ಮೆಟ್ ಇಲ್ಲದವನ ತಲೆಯನ್ನು ಕಾಪಾಡಲೆಂದು ಅದೇ ತಲೆಯನ್ನು ರಸ್ತೆಗೆ ಕೆಡಹುವುದರಲ್ಲಿ ಯಾವ ಸಮರ್ಥನೆಯೂ ಇಲ್ಲ. ಮರಳಿನ ಟ್ರ್ಯಾಕ್ಟರು ಇವೆರಡರ ನಡುವಣದು. ಮರಳಿನ ಕಳವು ನದಿಗೂ ಸರ್ಕಾರದ ಬೊಕ್ಕಸಕ್ಕೂ ನಷ್ಟ. ಆದರೆ ಆ ನಷ್ಟ ಆ ಒಂದು ರಾತ್ರಿಯ ಆ ಒಂದು ಗಳಿಗೆಯಲ್ಲಿ ಯಾರ ಪ್ರಾಣವನ್ನೂ ತೆಗೆಯುವುದಿಲ್ಲ. ಸಂಖ್ಯಾಫಲಕವನ್ನೇ ಕಳಚಿಟ್ಟ ಟ್ರ್ಯಾಕ್ಟರನ್ನು ಆಮೇಲೆ ಹಿಡಿಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೂ ಟ್ರ್ಯಾಕ್ಟರು ಗಾಳಿಯಲ್ಲಿ ಮಾಯವಾಗುವ ವಾಹನವಲ್ಲ; ಅದು ನದೀತೀರದಿಂದ ಹೊರಟು ಊರನ್ನೋ ಸೇತುವೆಯನ್ನೋ ಮುಟ್ಟಲೇಬೇಕು. ದಾರಿಯ ಕೊನೆಯಲ್ಲಿ ಕಾಯಬಹುದಾದಲ್ಲಿ ದಾರಿಯ ನಡುವೆ ಒಬ್ಬ ಕಾನ್‌ಸ್ಟೇಬಲನು ತನ್ನ ಮೈಯನ್ನು ಅಡ್ಡ ಹಿಡಿಯಬೇಕಾದ ಸ್ಥಿತಿ ಬಂದರೆ, ತಪ್ಪು ಅವನದಲ್ಲ. ಅವನನ್ನು ಒಂಟಿಯಾಗಿ ಕಳುಹಿಸಿದ ವ್ಯವಸ್ಥೆಯದು.

ಬೇರೆ ದೇಶಗಳಲ್ಲಿ ಈ ಅಳತೆಯನ್ನು ಬೇರೆ ಬೇರೆ ರೀತಿಯಲ್ಲಿ ಇಟ್ಟುಕೊಂಡಿದ್ದಾರೆ. ಅಮೆರಿಕದ ಸುಪ್ರೀಮ್ ಕೋರ್ಟು ೧೯೯೮ರಲ್ಲಿ ಸ್ಯಾಕ್ರಮೆಂಟೋ ಕೌಂಟಿಯ ಮೊಕದ್ದಮೆಯಲ್ಲಿ, ಬೆನ್ನಟ್ಟುವಾಗ ಮೋಟಾರು ಬೈಕಿನ ಹಿಂಬದಿಯ ಹುಡುಗ ಸತ್ತಿದ್ದರೂ, ಕೇಡು ಮಾಡುವ ಉದ್ದೇಶವಿಲ್ಲದಿದ್ದುದರಿಂದ ಅಧಿಕಾರಿಯ ಮೇಲೆ ಸಂವಿಧಾನದ ಹೊಣೆ ಬಾರದೆಂದಿತು. ೨೦೦೭ರ ಸ್ಕಾಟ್ ವಿರುದ್ಧ ಹ್ಯಾರಿಸ್ ಮೊಕದ್ದಮೆಯಲ್ಲಿ, ಓಡುವ ಕಾರಿಗೆ ಡಿಕ್ಕಿ ಹೊಡೆದು ಅದರ ಚಾಲಕನನ್ನು ಅಂಗವಿಕಲನನ್ನಾಗಿ ಮಾಡಿದ ಅಧಿಕಾರಿಯ ಪರವಾಗಿ ಅದೇ ನ್ಯಾಯಾಲಯ ನಿಂತಿತು. ಬ್ರಿಟನ್ನಿನಲ್ಲಿ ಬಹುಕಾಲ ಪೋಲೀಸು ಚಾಲಕನನ್ನು ಸಾಮಾನ್ಯ ಚಾಲಕನ ಅಳತೆಯಲ್ಲಿಯೇ ತೂಗುತ್ತಿದ್ದರು. ೨೦೨೨ರ ಕಾನೂನು, ಅದೇ ತರಬೇತಿ ಪಡೆದ ಎಚ್ಚರಿಕೆಯ ಪೋಲೀಸು ಚಾಲಕನು ಹೇಗೆ ಓಡಿಸುತ್ತಿದ್ದನೋ ಅದರೊಡನೆ ಹೋಲಿಸಬೇಕೆಂದು ವಿಧಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಬ್ರಿಟನ್ನಿನ ಅಳತೆ ತರಬೇತಿಯನ್ನು ಮೊದಲೇ ಇದ್ದುದಾಗಿ ಭಾವಿಸುತ್ತದೆ. ತರಬೇತಿ ಕೊಡದೆ ಆ ರಕ್ಷಣೆಯನ್ನು ಮಾತ್ರ ಎರವಲು ತಂದರೆ ಅದು ತಳಪಾಯವಿಲ್ಲದ ಗೋಡೆಯಾದೀತು.

೫

ಮಂಡ್ಯದ ದುರಂತದ ಅನಂತರ ರಾಜ್ಯ ಪೋಲೀಸು ಮಹಾನಿರ್ದೇಶಕರ ಕಚೇರಿಯಿಂದ ಸೂಚನೆಗಳು ಹೊರಟವು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಕೇವಲ ಕಾಗದಪತ್ರ ನೋಡಲೆಂದು ವಾಹನ ನಿಲ್ಲಿಸಬಾರದು, ಕೀಲಿಕೈ ಕಿತ್ತುಕೊಳ್ಳಬಾರದು, ಹಿಂದೆ ಕುಳಿತವರನ್ನು ಎಳೆಯಬಾರದು, ನಿಲ್ಲದೆ ಹೋದವನನ್ನು ಬೆನ್ನಟ್ಟದೆ ವಾಹನದ ಸಂಖ್ಯೆಯನ್ನು ಗುರುತಿಸಿ ನಿಯಂತ್ರಣ ಕೊಠಡಿಗೆ ತಿಳಿಸಬೇಕು ಎಂಬುದು ಅವುಗಳ ಸಾರ. ಕೇರಳದ ಉಚ್ಚ ನ್ಯಾಯಾಲಯ ೨೦೧೯ರ ನವೆಂಬರಿನಲ್ಲಿಯೇ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿತ್ತು. ಸೂಚನೆಗಳು ಸ್ವಾಗತಾರ್ಹ. ಆದರೆ ವಿಮರ್ಶಕನಾದವನು ಎರಡು ಕೊರತೆಗಳನ್ನು ಎತ್ತಿ ತೋರಿಸಬೇಕಾಗಿದೆ.

ಮೊದಲನೆಯದಾಗಿ, ಇವು ಸಂಚಾರ ನಿಯಮದ ತಪಾಸಣೆಗೆ ಹೇಳಿದ ಮಾತುಗಳು. ಮರಳು, ಗಾಂಜಾ, ಸಾರಾಯಿ, ದರೋಡೆಗಳ ಬೆನ್ನಟ್ಟುವಿಕೆಗೆ, ಅಂದರೆ ನಮ್ಮ ಮೂರು ತಾಲೂಕುಗಳಲ್ಲಿ ನಿಜವಾಗಿ ಅಪಾಯ ತರುವ ಸಂದರ್ಭಗಳಿಗೆ, ಇವುಗಳಲ್ಲಿ ಉತ್ತರವಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ೪೫ನೆಯ ಕಲಮು ಪೋಲೀಸು ಅಧಿಕಾರಿಯು ಅಪರಾಧಿಯನ್ನು ಭಾರತದ ಯಾವ ಸ್ಥಳಕ್ಕಾದರೂ ಬೆನ್ನಟ್ಟಿ ಹೋಗಬಹುದೆನ್ನುತ್ತದೆ. ಎಲ್ಲಿಗೆ ಹೋಗಬಹುದೆಂದು ಹೇಳಿದ ಆ ಕಲಮು ಹೇಗೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೇಳುವುದಿಲ್ಲ.

ಎರಡನೆಯದು ಇತಿಹಾಸಕಾರನಿಗೆ ಹೆಚ್ಚು ಹತ್ತಿರವಾದುದು. ಅದು ದಾಖಲೆಯ ಪ್ರಶ್ನೆ. ಅಪಘಾತವಾದ ಮೇಲೆ ಪ್ರಥಮ ವರ್ತಮಾನ ವರದಿಯನ್ನು ಬರೆದುಕೊಳ್ಳುವುದು ಠಾಣೆ. ಸ್ಥಳದ ಪಂಚನಾಮೆ ಮಾಡುವುದು ಠಾಣೆ. ಆ ರಾತ್ರಿ ಯಾರು ಎಲ್ಲಿಗೆ ಹೊರಟರೆಂದು ಹೇಳುವ ಠಾಣಾ ದಿನಚರಿಯೂ ಠಾಣೆಯದೇ. ಬೆನ್ನಟ್ಟಿದ್ದು ಯಾತಕ್ಕೆ, ಆಗ ಗೊತ್ತಿದ್ದುದೇನು, ಆಮೇಲೆ ತಿಳಿದದ್ದೇನು ಎಂಬ ಭೇದ ಆ ಬರಹದಲ್ಲಿ ಸುಲಭವಾಗಿ ಅಳಿಸಿಹೋಗುತ್ತದೆ. ‘ಆರೋಪಿಯು ಅತಿವೇಗದಿಂದ ಓಡಿಸಿ ತಾನೇ ಬಿದ್ದನು’ ಎಂಬ ಒಂದು ವಾಕ್ಯದಲ್ಲಿ ಬೆನ್ನ ಹಿಂದಿದ್ದ ಜೀಪು ಕಾಣಿಸದೇ ಹೋಗಬಹುದು. ೧೯೬೨ರ ತೀರ್ಪಿನ ವಿಷಯವೇ ಸುಳ್ಳು ಪಂಚನಾಮೆಯಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಪ್ರತಿವಾದಿಯೇ ಬರೆದ ಆಕರವೊಂದನ್ನೇ ನಂಬಿ ಇತಿಹಾಸ ಬರೆಯುವುದು ಸಾಧ್ಯವಿಲ್ಲ, ನ್ಯಾಯವನ್ನೂ ನಿರ್ಣಯಿಸಲಾಗದು.

ಬೇರೆ ಬಾಗಿಲುಗಳೂ ಅಷ್ಟಾಗಿ ತೆರೆದಿಲ್ಲ. ೨೦೦೬ರ ಪ್ರಕಾಶ್ ಸಿಂಗ್ ತೀರ್ಪು ಪೋಲೀಸು ದೂರು ಪ್ರಾಧಿಕಾರಗಳನ್ನು ವಿಧಿಸಿದಾಗ ಗಂಭೀರ ದುರ್ವರ್ತನೆಯ ಉದಾಹರಣೆಯಾಗಿ ಹೇಳಿದುದು ಮುಖ್ಯವಾಗಿ ಪೋಲೀಸು ವಶದಲ್ಲಾದ ಸಾವು, ತೀವ್ರ ಗಾಯ, ಅತ್ಯಾಚಾರಗಳನ್ನು. ಬೆನ್ನಟ್ಟುವಿಕೆಯಲ್ಲಿ ಬಿದ್ದವನು ಇನ್ನೂ ವಶಕ್ಕೆ ಬಂದವನೇ ಅಲ್ಲ. ಪರಿಹಾರದ ದಾರಿ ಮಾತ್ರ ಇದಕ್ಕಿಂತ ಅಗಲವಾಗಿದೆ. ಸರ್ಕಾರಿ ಜೀಪಿನ ಚಾಲಕನ ಅಜಾಗ್ರತೆಗೆ ಸರ್ಕಾರವೇ ಹೊಣೆಯೆಂದು ಸುಪ್ರೀಮ್ ಕೋರ್ಟು ರಾಜಸ್ಥಾನ ರಾಜ್ಯ ವಿರುದ್ಧ ವಿದ್ಯಾವತಿ ಎಂಬ ಮೊಕದ್ದಮೆಯಲ್ಲಿ ೧೯೬೨ರಲ್ಲಿಯೇ ಹೇಳಿತು. ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದೆ ಹೋಗಲು ಯಾರ ಮಂಜೂರಾತಿಯೂ ಬೇಡ. ಆದರೆ ಪರಿಹಾರದ ಹಣ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಬೆನ್ನಟ್ಟಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ.

೬

ಮಂಜೂರಾತಿಯ ರಕ್ಷಣೆಯನ್ನೇ ಕಿತ್ತೊಗೆಯಬೇಕೆಂದು ಈ ವಿಮರ್ಶೆಯ ಮತವಲ್ಲ. ಹಾಗೆ ಮಾಡಿದರೆ ಹಿಡಿಯಲ್ಪಟ್ಟ ಪ್ರತಿಯೊಬ್ಬ ಮರಳು ಸಾಗಣೆಗಾರನೂ ಹಿಡಿದವನ ಮೇಲೆ ಖಾಸಗಿ ಫಿರ್ಯಾದು ಹೂಡಬಹುದು. ಜೇವರ್ಗಿಯ ಕಾನ್‌ಸ್ಟೇಬಲನು ರಾತ್ರಿ ನದಿಯತ್ತ ಹೋಗುವುದಕ್ಕಿಂತ ಠಾಣೆಯಲ್ಲಿ ಕುಳಿತಿರುವುದೇ ಲೇಸೆಂದುಕೊಂಡಾನು. ಅದರಿಂದ ಲಾಭವಾಗುವುದು ಕಳ್ಳನಿಗೆ.

ಬೇಕಾಗಿರುವುದು ಇಷ್ಟು. ಬೆನ್ನಟ್ಟುವಿಕೆಯಲ್ಲಿ ಗಾಯವಾದಾಗ ಮಂಜೂರಾತಿ ಕೊಡುವ ಅಧಿಕಾರಿ ‘ಕರ್ತವ್ಯದ ಬಣ್ಣವಿತ್ತೇ?’ ಎಂದು ಕೇಳುವುದರ ಜೊತೆಗೆ ‘ತಪ್ಪಿಸಬೇಕಾದ ಕೇಡು ಈ ಅಪಾಯಕ್ಕೆ ತಕ್ಕುದಾಗಿತ್ತೇ?’ ಎಂದೂ ಕೇಳಿ, ಕಾರಣಗಳನ್ನು ಬರೆದು, ಕೇಂದ್ರ ಸಂಹಿತೆಯಲ್ಲಿರುವಂತೆ ೧೨೦ ದಿನಗಳ ಮಿತಿಯೊಳಗೆ ಉತ್ತರ ಕೊಡಬೇಕು. ಬೆನ್ನಟ್ಟಲು ಹೊರಟ ಗಳಿಗೆಯಲ್ಲಿಯೇ ಕಾರಣವನ್ನು ನಿಯಂತ್ರಣ ಕೊಠಡಿಗೆ ತಿಳಿಸಬೇಕು. ಮುಂದುವರಿಯಬೇಕೋ ನಿಲ್ಲಬೇಕೋ ಎಂಬ ಆಜ್ಞೆ ಅಲ್ಲಿಂದ ಬರಬೇಕು. ಎರಡೂ ಹೊತ್ತು ಸಹಿತ ದಾಖಲಾಗಬೇಕು. ಗಾಯವಾದಲ್ಲಿ ಬೇರೊಂದು ಉಪವಿಭಾಗದ ಅಧಿಕಾರಿ ತನಿಖೆ ಮಾಡಬೇಕು. ಇಂಥ ದಾಖಲೆ ಗಾಯಾಳುವಿಗೆ ಎಷ್ಟು ಉಪಯುಕ್ತವೋ, ಆಜ್ಞೆಯಂತೆ ನಡೆದು ಆಪಾದನೆಗೆ ಗುರಿಯಾದ ಕಾನ್‌ಸ್ಟೇಬಲನಿಗೂ ಅಷ್ಟೇ ಉಪಯುಕ್ತ. ಈಗಿರುವ ಪದ್ಧತಿಯಲ್ಲಿ ಆಜ್ಞೆ ಬಾಯಿಮಾತಿನದು. ಕೇಡಾದ ಮೇಲೆ ಆಜ್ಞೆ ಕೊಟ್ಟವರು ಕಾಣುವುದಿಲ್ಲ, ಓಡಿದವನೊಬ್ಬನೇ ಉಳಿಯುತ್ತಾನೆ.

ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಪೀಠವಿದೆ, ವಿಶ್ವವಿದ್ಯಾನಿಲಯಗಳಿವೆ, ಮೂರು ತಾಲೂಕುಗಳ ಠಾಣೆಗಳಲ್ಲಿ ದಿನಚರಿಗಳ ರಾಶಿಯಿದೆ. ಮುಂಬಯಿ, ಹೈದರಾಬಾದು, ಮೈಸೂರು ಎಂಬ ಮೂರು ಆಡಳಿತ ಪರಂಪರೆಗಳು ಕೂಡಿದ ಈ ಪ್ರದೇಶದಲ್ಲಿ ಪೋಲೀಸು ಕಾನೂನು ಜನರ ರಸ್ತೆಯ ಮೇಲೆ ಹೇಗೆ ನಡೆದುಬಂದಿತೆಂಬುದರ ಅಧ್ಯಯನ ಇನ್ನೂ ಆಗಬೇಕಾಗಿದೆ. ಆ ಕೆಲಸವನ್ನು ಕೈಗೊಳ್ಳುವ ಸಂಶೋಧಕರು ೧೭೦ನೆಯ ಕಲಮಿನ ಪಕ್ಕದಲ್ಲಿ ಹಡಗಿನ ನಾಯಕನ ಆ ಹಳೆಯ ಉದಾಹರಣೆಯನ್ನೂ ಇಟ್ಟುಕೊಂಡು ಓದಲೆಂದು ಈ ಲೇಖಕನ ವಿನಂತಿ.